ಅಗೆದ ಮಣ್ಣಿನ ಎರಡು ಗತಿಗಳು

ಕೋಲಾರ ಸೀಮೆಯ ರೈತನಿಗೆ ಮಣ್ಣನ್ನು ಅಗೆಯುವುದು ಹೊಸ ವಿಷಯವಲ್ಲ. ಬೇಸಗೆಯಲ್ಲಿ ಕೆರೆ ಬತ್ತಿದೊಡನೆ ಅದರ ಅಂಗಳದ ಗೋಡನ್ನು ಅಗೆದು, ಗಾಡಿಗಳಲ್ಲಿ ಹೇರಿ, ರಾಗಿಯ ಹೊಲಕ್ಕೆ ಹರಡುವುದು ಇಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಇದರಿಂದ ಕೆರೆಯ ಹೂಳು ಕಡಿಮೆಯಾಗುವುದು. ಹೊಲದ ಸಾರವೂ ಹೆಚ್ಚುವುದು. ಮಳೆಯು ಹೊಲದಿಂದ ಕೊಚ್ಚಿ ತಂದದ್ದೇ ಹೊಲಕ್ಕೆ ಮರಳುವುದರಿಂದ ಈ ಅಗೆತದಲ್ಲಿ ಯಾರಿಗೂ ನಷ್ಟವಿಲ್ಲ.

ಬಂಗಾರಪೇಟೆಗೆ ಸಮೀಪವಾದ ಕೋಲಾರದ ಚಿನ್ನದ ಗಣಿಗಳಲ್ಲಿ ನಡೆದ ಅಗೆತವು ಬೇರೆ ಬಗೆಯದು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯವರ ಆಡಳಿತದಲ್ಲಿ ಮೊದಲ್ಗೊಂಡು, 1956ರಲ್ಲಿ ಸರ್ಕಾರದ ವಶಕ್ಕೆ ಬಂದು, 2001ರ ಫೆಬ್ರವರಿ 28ರಂದು ನಿಂತುಹೋದ ಈ ಗಣಿಗಳಿಂದ ಸುಮಾರು 800 ಟನ್ನು ಚಿನ್ನ ಹೊರಬಂದಿತು. ಚಾಂಪಿಯನ್ ರೀಫ್ ಗಣಿಯ ಆಳವು 3 ಕಿಲೋಮೀಟರುಗಳನ್ನೂ ಮೀರಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದು ಈ ಗಣಿಗಳಿಗಾಗಿ. ಬೇತಮಂಗಲದ ಕೆರೆಯ ನೀರೂ ಇಲ್ಲಿಗೇ ಹರಿಯಿತು.

ಚಿನ್ನದ ಲೆಕ್ಕವನ್ನು ಚೆನ್ನಾಗಿಯೇ ಇಟ್ಟರು; ಸಂಸ್ಥಾನದ ಬೊಕ್ಕಸಕ್ಕೆ ರಾಜಧನವೂ ಸಂದಿತು. ಅದಿರನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಮಣಲಿನ ಹೊಣೆ ಯಾರದೆಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲವೆಂದು ತೋರುತ್ತದೆ. ಅದು 13 ಗುಡ್ಡಗಳಾಗಿ, 3 ಕೋಟಿ ಟನ್ನುಗಳಿಗೂ ಮಿಗಿಲಾಗಿ ನಿಂತಿದೆ. ಬಿಸಿಲು ಗಾಳಿಗಳಿಗೆ ಸೈನೈಡಿನ ಬಹುಭಾಗ ಕಾಲಕ್ರಮದಲ್ಲಿ ಕ್ಷಯಿಸುವುದು ನಿಜ. ಆದರೆ ಗಂಧಕಯುಕ್ತ ಖನಿಜಗಳು ನೀರು ಗಾಳಿ ಸೋಕಿದಲ್ಲಿ ಆಮ್ಲವನ್ನು ಹುಟ್ಟಿಸುವುವು, ನುಣುಪಾದ ಧೂಳು ಬೀಸುಗಾಳಿಗೆ ಏಳುವುದು. ಆ ಧೂಳು ಯಾವ ಸರ್ವೆ ಕಲ್ಲನ್ನೂ ಲೆಕ್ಕಿಸದು.

ಕೆರೆಗೆ ನೀರಗಂಟಿಯಿದ್ದನು, ತೂಬಿನ ತಪ್ಪಿಗೆ ಊರ ಮುಂದೆ ಅವನು ಉತ್ತರ ಹೇಳಬೇಕಾಗಿತ್ತು. ಗುಡ್ಡಕ್ಕೆ ಅಂಥವನಿಲ್ಲ. ಭೂಮಿಯ ಮೇಲೆ ಹಕ್ಕುಳ್ಳವನು ಅದರ ಕಸಕ್ಕೂ ಹಕ್ಕುದಾರನೆಂಬ ನ್ಯಾಯವು ಹೊಲಕ್ಕೆ ಸಲ್ಲುವುದಾದರೆ ಗಣಿಗೂ ಸಲ್ಲಬೇಡವೆ?

ಈ ಪ್ರಶ್ನೆ ಹಳೆಯದಾಗಿಲ್ಲ. ಗುಡ್ಡಗಳಲ್ಲಿ ಉಳಿದ ಅಲ್ಪ ಚಿನ್ನವನ್ನು ಮತ್ತೆ ತೆಗೆಯುವುದಕ್ಕಾಗಿ ಸುಮಾರು 1,003 ಎಕರೆಯ ಈ ಪ್ರದೇಶದಲ್ಲಿ ಗಣಿಗಾರಿಕೆ ನಡೆಯಿಸುವ ಕೇಂದ್ರದ ಸೂಚನೆಗೆ 2024ರ ಜೂನ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು ಸಮ್ಮತಿಸಿತು. ಒಂದು ಟನ್ನಿನಲ್ಲಿ ಗ್ರಾಮಿನಷ್ಟು ಚಿನ್ನ ತೆಗೆದರೂ ಮಣಲು ಕರಗುವುದಿಲ್ಲ. ಎಲ್ಲಿಯಾದರೂ ಮತ್ತೆ ನಿಲ್ಲಲೇಬೇಕು. ಎಲ್ಲಿ ನಿಲ್ಲುವುದು, ಅಡಿಯಲ್ಲಿ ನೀರಿಳಿಯದಂತೆ ಏನು ಹಾಸುವುದು, ಮೇಲೆ ಮಣ್ಣು ಹೊದಿಸಿ ಹುಲ್ಲು ಬೆಳೆಸುವವರು ಯಾರು, ಎಂಬುದನ್ನು ಸುತ್ತಲಿನ ಗ್ರಾಮಗಳ ಮುಖಂಡರು ಕೆಲಸ ಮೊದಲಾಗುವುದಕ್ಕೆ ಮುಂಚೆಯೇ ಬರವಣಿಗೆಯಲ್ಲಿ ಕೇಳತಕ್ಕದ್ದು.

ಗುಡ್ಡಗಳ ಇಳಿಜಾರಿನ ಕೆಳಗಣ ಕೆರೆಗಳ ಗೋಡನ್ನು ಪರೀಕ್ಷೆಯಿಲ್ಲದೆ ಹೊಲಕ್ಕೆ ಹೊಡೆಯಲಾಗದು. ಸಾಧಾರಣ ಮಣ್ಣು ಪರೀಕ್ಷೆಯು ಸಾರವನ್ನೂ ಆಮ್ಲತೆಯನ್ನೂ ತಿಳಿಸುವುದೇ ಹೊರತು ವಿಷಲೋಹಗಳನ್ನು ತಿಳಿಸುವುದಿಲ್ಲ. ಮಾದರಿಯನ್ನು ಕಳುಹಿಸುವಾಗ ಅದನ್ನು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು.