ಸ್ಟೀರಿಂಗಿನ ಎಣ್ಣೆ ಎಲ್ಲಿ ಹೋಗುತ್ತದೆ?

ರಾಮನಗರದಿಂದ ಮಾಗಡಿಯ ಕಡೆಗೆ ಹೋಗುವವರಿಗೆ ತಿರುವುಗಳ ಕೊರತೆಯಿಲ್ಲ. ಕಳೆದ ಬೇಸಗೆಯಲ್ಲಿ ನಾವು ಮಿತ್ರರೊಬ್ಬರ ಹಳೆಯ ಕ್ವಾಲಿಸ್ ಗಾಡಿಯಲ್ಲಿ ಅತ್ತ ಹೊರಟಿದ್ದಾಗ, ಪ್ರತಿ ತಿರುವಿನಲ್ಲಿಯೂ ಎಂಜಿನಿನ ಬಳಿಯಿಂದ ನರಳುವಂತಹ ಸದ್ದೊಂದು ಕೇಳಿಬರತೊಡಗಿತು. ಸ್ಟೀರಿಂಗು ಒಮ್ಮೆ ಹಗುರ, ಒಮ್ಮೆ ಭಾರ. “ತಿಂಗಳು ತಿಂಗಳೂ ಆಯಿಲ್ ಹಾಕಿಸುತ್ತಲೇ ಇದ್ದೇನೆ. ಎಷ್ಟು ಕುಡಿದರೂ ಇದಕ್ಕೆ ಸಾಲದು” ಎಂದರು ಮಿತ್ರರು. ರೋಗದ ಸುಳಿವು ಆ ಮಾತಿನಲ್ಲಿಯೇ ಇದ್ದಿತು.

ಕ್ವಾಲಿಸ್ ನಮ್ಮ ನೆರೆಯ ಬಿಡದಿಯಲ್ಲಿಯೇ 2000ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ವಾಹನ. ಈಚಿನ ಕಾರುಗಳಲ್ಲಿ ಹೆಚ್ಚಿನವಕ್ಕೆ ವಿದ್ಯುತ್ ಮೋಟಾರಿನ ನೆರವುಂಟು. ಮಿತ್ರರ ಗಾಡಿಯಲ್ಲಾದರೋ ಆ ಕೆಲಸ ಎಣ್ಣೆಯದು. ಎಂಜಿನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಿ ಸ್ಟೀರಿಂಗಿನ ಯಂತ್ರಭಾಗಕ್ಕೆ ನೂಕುತ್ತದೆ. ನಾವು ಚಕ್ರವನ್ನು ತಿರುಗಿಸಿದೊಡನೆ ಕವಾಟವೊಂದು ಆ ಎಣ್ಣೆಯನ್ನು ಪಿಸ್ಟನ್ನಿನ ಒಂದು ಪಕ್ಕಕ್ಕೆ ಬಿಡುತ್ತದೆ. ಒತ್ತಡವು ಚದರ ಸೆಂಟಿಮೀಟರಿಗೆ 70 ಕಿಲೋಗ್ರಾಂ, ಪಿಸ್ಟನ್ನಿನ ಮುಖ 10 ಚದರ ಸೆಂಟಿಮೀಟರು ಎಂದಿಟ್ಟುಕೊಂಡರೆ, ದೊರೆಯುವ ನೂಕು 700 ಕಿಲೋಗ್ರಾಂ ತೂಕಕ್ಕೆ ಸಮ! ತರಗತಿಯಲ್ಲಿ ನಾವು ಕಪ್ಪುಹಲಗೆಯ ಮೇಲೆ ಬರೆದು ಮರೆಯುವ ಪಾಸ್ಕಲನ ನಿಯಮ ಇದೇ.

ಈ ಎಣ್ಣೆ ಪೆಟ್ರೋಲಿನಂತೆ ಉರಿದು ಮುಗಿಯುವಂಥದಲ್ಲ. ಸುತ್ತಿ ಬಂದು ಡಬ್ಬಿಗೆ ಮರಳಬೇಕು. ಆದುದರಿಂದ ಮಟ್ಟ ಇಳಿದಿದೆಯೆಂದರೆ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ. ಮಟ್ಟ ತೀರ ಇಳಿದಾಗ ಪಂಪು ಎಣ್ಣೆಯೊಡನೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಎಣ್ಣೆ ಅಷ್ಟಾಗಿ ಕುಗ್ಗದು, ಗಾಳಿ ಕುಗ್ಗುತ್ತದೆ. ಆ ನರಳಾಟಕ್ಕೂ, ಎಣ್ಣೆಯಲ್ಲೇಳುವ ನೊರೆಗೂ ಇದೇ ಕಾರಣ. ತಿರುವಿನ ನಡುವೆ ಕೊಳವೆ ಒಡೆದರೆ ನೆರವು ಥಟ್ಟನೆ ನಿಲ್ಲುತ್ತದೆ. ಚಕ್ರ ಆಗಲೂ ತಿರುಗುತ್ತದೆ, ನಿಜ. ಆದರೆ ಎಷ್ಟು ಬಲ ಬೇಕೆಂಬುದು ಚಾಲಕನಿಗೆ ಆ ಗಳಿಗೆಯಲ್ಲಿಯೇ ತಿಳಿಯಬೇಕು.

ಯಾವ ಎಣ್ಣೆ? ಡಬ್ಬಿಯ ಮುಚ್ಚಳವನ್ನೋ ಕೈಪಿಡಿಯನ್ನೋ ಕೇಳಬೇಕು. ಟೊಯೋಟಾದ ಆ ಕಾಲದ ಅನೇಕ ವಾಹನಗಳಿಗೆ ಹೇಳಿರುವುದು ಡೆಕ್ಸ್‌ರಾನ್ 2 ಅಥವಾ 3. ಇದು ಮೂಲತಃ ಆಟೋಮ್ಯಾಟಿಕ್ ಗೇರುಪೆಟ್ಟಿಗೆಯ ಎಣ್ಣೆ, ಸಾಮಾನ್ಯವಾಗಿ ಕೆಂಪು. ಬಣ್ಣವನ್ನು ಮಾತ್ರ ನಂಬಲಾಗದು. “ಎಲ್ಲಾ ಒಂದೇ ಸಾರ್” ಎಂಬ ಅಂಗಡಿಯ ಆಶ್ವಾಸನೆಯನ್ನು ಅದಕ್ಕಿಂತಲೂ ಕಡಿಮೆ ನಂಬಬೇಕು. ಬ್ರೇಕಿನ ದ್ರವ ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯದು. ಖನಿಜ ತೈಲಕ್ಕೆಂದು ಮಾಡಿದ ರಬ್ಬರು ಸೀಲುಗಳು ಅದರಿಂದ ಕೆಡುತ್ತವೆ. ತಪ್ಪಿ ಸುರಿದಿದ್ದರೆ ಎಂಜಿನನ್ನು ಚಾಲೂ ಮಾಡದೆ ಮೊದಲು ಹೊರತೆಗೆಸಬೇಕು.

ತುಂಬುವ ಮುನ್ನ ಮುಚ್ಚಳದ ಧೂಳನ್ನು ಒರೆಸಿರಿ. ಡಬ್ಬಿಯಲ್ಲಿ ತಣ್ಣಗಿರುವಾಗಿನ ಗುರುತೊಂದು, ಬಿಸಿಯಾದಾಗಿನ ಗುರುತೊಂದು ಇರುವುದುಂಟು. ಒಂದು ಲೀಟರು ಎಣ್ಣೆ 50 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 35 ಮಿಲಿಲೀಟರು ಹಿಗ್ಗುತ್ತದೆ. ತಣ್ಣನೆಯ ಎಣ್ಣೆಯನ್ನು ಮೇಲಿನ ಗುರುತಿನವರೆಗೆ ತುಂಬಿದರೆ ಆ ಹಿಗ್ಗಿಗೆ ಎಡೆಯೆಲ್ಲಿ? ಬಳಿಕ ಚಕ್ರವನ್ನು ಎರಡೂ ಕೊನೆಗಳಿಗೆ ನಿಧಾನವಾಗಿ ಕೆಲವು ಬಾರಿ ತಿರುಗಿಸಿ, ಮಟ್ಟವನ್ನು ಮತ್ತೆ ನೋಡಬೇಕು. ಕೊನೆಯಲ್ಲಿ ಒತ್ತಿ ಹಿಡಿಯಬಾರದು. ಪಂಪಿನ ಶಕ್ತಿಯೆಲ್ಲ ಬರಿಯ ಶಾಖವಾಗಿ ಎಣ್ಣೆ ಬೇಯುತ್ತದೆ.

ಮಿತ್ರರ ಗಾಡಿಯನ್ನು ಚನ್ನಪಟ್ಟಣದಲ್ಲಿ ಪರೀಕ್ಷಿಸಿದಾಗ ಡಬ್ಬಿಗೆ ಮರಳುವ ರಬ್ಬರು ಕೊಳವೆ ಕ್ಲಿಪ್ಪಿನ ಕೆಳಗೆ ಬಿರಿದಿತ್ತು, ಅದರಡಿಯ ಧೂಳೆಲ್ಲ ಜಿಡ್ಡಾಗಿತ್ತು. ಗೇಣುದ್ದದ ಹೊಸ ಕೊಳವೆ, ಎರಡು ಹೊಸ ಕ್ಲಿಪ್ಪು. ಮಳೆಗಾಲ ಕಳೆದರೂ ಎಣ್ಣೆ ಗುರುತಿನಿಂದ ಕೆಳಗಿಳಿದಿಲ್ಲ.