ಅಳುವ ಗಂಡಸು ಮತ್ತು ಸಬ್ರ್

ಖಬರಸ್ಥಾನದಲ್ಲಿ ಮೂರು ಹಿಡಿ ಮಣ್ಣು ಹಾಕಿ ಜನರು ಹಿಂದೆ ಸರಿಯುತ್ತಿದ್ದಾರೆ. ತೀರಿಹೋದವರ ಮಗ, ಹನ್ನೊಂದೋ ಹನ್ನೆರಡೋ ವರ್ಷದ ಹುಡುಗ, ಕಬರಿನ ಪಕ್ಕ ನಿಂತು ಬಿಕ್ಕುತ್ತಿದ್ದಾನೆ. ಮೊಹಲ್ಲಾದ ಹಿರಿಯರೊಬ್ಬರು ಅವನ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಾರೆ: "ಅಳಬಾರದು ಮಗಾ, ನೀನು ಗಂಡು ಹುಡುಗ. ಇನ್ನು ಮನೆಗೆ ನೀನೇ ದಿಕ್ಕು. ಸಬ್ರ್ ಮಾಡು." ಹುಡುಗ ತೋಳಿನಿಂದ ಕಣ್ಣೊರೆಸಿಕೊಂಡು ಸುಮ್ಮನಾಗುತ್ತಾನೆ.

ಈ ದೃಶ್ಯವನ್ನು ನಾವೆಲ್ಲರೂ ಒಂದಲ್ಲ ಒಂದು ದಿನ ಕಂಡಿದ್ದೇವೆ. ಹೇಳಿದವರ ಮನಸ್ಸಿನಲ್ಲಿ ಪ್ರೀತಿಯೇ ಇತ್ತು, ಅನುಮಾನವಿಲ್ಲ. ಆದರೆ ಅವರ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಾಗಿ ಬೆರೆತಿವೆ. ಸಬ್ರ್ ಮಾಡು ಎಂಬುದು ದೀನ್‌ನ ಮಾತು. ಗಂಡಾದ್ದರಿಂದ ಅಳಬೇಡ ಎಂಬುದು ಎಲ್ಲಿಂದ ಬಂತು? ಅದು ನಮ್ಮ ರೂಢಿಯಿಂದ ಬಂದದ್ದು. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂಬ ಗಾದೆಯನ್ನು ಕನ್ನಡ ನಾಡಿನಲ್ಲಿ ಎಲ್ಲ ಧರ್ಮದವರೂ ಕೇಳಿಯೇ ಬೆಳೆದಿದ್ದಾರೆ. ಈ ಗಾದೆಯನ್ನು ಸಬ್ರ್‌ನ ಜೊತೆ ಸೇರಿಸಿದ್ದರಿಂದ ನಮ್ಮ ಮನೆಗಳಲ್ಲಿ ಏನಾಗುತ್ತಿದೆ ಎಂಬುದನ್ನು ಸ್ವಲ್ಪ ನಿಂತು ಯೋಚಿಸಬೇಕಾಗಿದೆ.

ಪ್ರವಾದಿವರ್ಯರ(ಸ) ಕಣ್ಣೀರು

ಹಿಜರಿ 10ನೇ ವರ್ಷ. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ಮದೀನಾದಲ್ಲಿ ಅಬೂ ಸೈಫ್ ಎಂಬ ಕಮ್ಮಾರರ ಮನೆಯಲ್ಲಿದ್ದನು. ಮಗುವಿಗೆ ಹಾಲುಣಿಸುತ್ತಿದ್ದವರು ಆ ಕಮ್ಮಾರರ ಪತ್ನಿ. ಪ್ರವಾದಿವರ್ಯರು(ಸ) ಕುಲುಮೆಯ ಹೊಗೆ ತುಂಬಿದ ಆ ಮನೆಗೆ ಹೋಗಿ ಮಗುವನ್ನು ಎತ್ತಿ ಮುದ್ದಿಸಿ ಬರುತ್ತಿದ್ದರು. ಇಬ್ರಾಹೀಮನಿಗೆ ಎರಡು ವರ್ಷವೂ ತುಂಬಿರಲಿಲ್ಲ, ಅವನ ಕೊನೆಯ ಘಳಿಗೆ ಬಂದಿತು. ಅದನ್ನು ನೋಡುತ್ತಿದ್ದ ತಂದೆಯ ಕಣ್ಣುಗಳು ತುಂಬಿ ಹರಿದವು.

ಅಲ್ಲಿದ್ದ ಹಝ್ರತ್ ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಅಚ್ಚರಿಗೊಂಡು, ತಾವೂ ಅಳುವುದೇ ಎಂದು ಕೇಳಿದರು. ಇದು ಕರುಣೆ ಎಂದು ಪ್ರವಾದಿವರ್ಯರು(ಸ) ಉತ್ತರಿಸಿದರು. ಕಣ್ಣು ನೀರು ಸುರಿಸುತ್ತದೆ, ಹೃದಯ ನೋಯುತ್ತದೆ, ಆದರೆ ನಮ್ಮ ಪ್ರಭುವಿಗೆ ಮೆಚ್ಚುಗೆಯಾಗದ ಮಾತನ್ನು ನಾವು ಆಡುವುದಿಲ್ಲ ಎಂದೂ ವಿವರಿಸಿದರು. ಇದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿರುವ ಘಟನೆ.

ಈ ಉತ್ತರದಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಅವರು ಕಣ್ಣೀರನ್ನು ಮರೆಮಾಚಲಿಲ್ಲ. ಹೊಗೆಯಿದ್ದ ಮನೆ. ಕಣ್ಣು ಉರಿಯಿತು ಎಂದು ಹೇಳಿದ್ದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲ. ಎರಡನೆಯದಾಗಿ, ಆ ಕಣ್ಣೀರಿಗೆ ಅವರು ದೌರ್ಬಲ್ಯ ಎಂದು ಹೆಸರಿಡಲಿಲ್ಲ, ಕರುಣೆ ಎಂದು ಹೆಸರಿಟ್ಟರು.

ಇದೊಂದೇ ಸಂದರ್ಭವಲ್ಲ. ಮಗಳ ಕಂದ ಕೊನೆಯುಸಿರೆಳೆಯುವಾಗ ಅವರ ಕಣ್ಣು ತುಂಬಿತು. ಇದೇನೆಂದು ಕೇಳಿದ ಹಝ್ರತ್ ಸಅದ್ ಬಿನ್ ಉಬಾದಾ(ರ) ಅವರಿಗೂ ಇದು ಅಲ್ಲಾಹನು ತನ್ನ ದಾಸರ ಹೃದಯಗಳಲ್ಲಿ ಇಟ್ಟಿರುವ ಕರುಣೆ ಎಂಬ ಉತ್ತರವೇ ದೊರಕಿತು. ಮೂತಾ ಯುದ್ಧದಲ್ಲಿ ಹಝ್ರತ್ ಝೈದ್, ಜಅಫರ್ ಮತ್ತು ಅಬ್ದುಲ್ಲಾ ಬಿನ್ ರವಾಹಾ(ರ) ಹುತಾತ್ಮರಾದ ಸುದ್ದಿಯನ್ನು ಜನರಿಗೆ ತಿಳಿಸುವಾಗ ಅವರ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ತಾಯಿಯ ಕಬರನ್ನು ಸಂದರ್ಶಿಸಿದಾಗ ತಾವೂ ಅತ್ತರು, ಸುತ್ತಲಿದ್ದವರೂ ಅತ್ತರು.

ಹಾಗಾದರೆ ಸಬ್ರ್ ಎಂದರೇನು?

ಹಝ್ರತ್ ಸಅದ್ ಬಿನ್ ಉಬಾದಾ(ರ) ಕಾಯಿಲೆ ಬಿದ್ದಾಗ ಪ್ರವಾದಿವರ್ಯರು(ಸ) ನೋಡಲು ಹೋಗಿ ಅತ್ತರು, ಜೊತೆಗಿದ್ದವರೂ ಅತ್ತರು. ಆಗ ಅವರು ಗೆರೆಯನ್ನು ಸ್ಪಷ್ಟವಾಗಿ ಎಳೆದು ತೋರಿಸಿದರು. ಕಣ್ಣೀರಿಗಾಗಲಿ ಹೃದಯದ ದುಃಖಕ್ಕಾಗಲಿ ಅಲ್ಲಾಹನು ಶಿಕ್ಷಿಸುವುದಿಲ್ಲ, ಲೆಕ್ಕಕ್ಕೆ ಬರುವುದು ನಾಲಗೆ ಎಂದು ಹೇಳಿ ತಮ್ಮ ನಾಲಗೆಯತ್ತ ಸನ್ನೆ ಮಾಡಿದರು. ಕೆನ್ನೆಗೆ ಬಡಿದುಕೊಳ್ಳುವುದು, ಬಟ್ಟೆ ಹರಿದುಕೊಳ್ಳುವುದು, ಅಲ್ಲಾಹನ ತೀರ್ಮಾನವನ್ನು ದೂರಿ ಗೋಳಾಡುವುದು ನಿಷಿದ್ಧ. ಈ ನಿಷೇಧ ಗಂಡಿಗೂ ಹೆಣ್ಣಿಗೂ ಒಂದೇ.

ಅಂದರೆ ಸಬ್ರ್ ಎಂಬುದು ನಾಲಗೆಯ ಮತ್ತು ಕೈಯ ಕೆಲಸ. ಒಣಗಿದ ಕಣ್ಣು ಅದರ ಗುರುತಲ್ಲ. ಈ ಒಂದು ವ್ಯತ್ಯಾಸವನ್ನು ತಿಳಿದುಕೊಂಡರೆ ಖಬರಸ್ಥಾನದ ಹುಡುಗನಿಗೆ ಹೇಳಬೇಕಾದ ಮಾತು ಬೇರೆಯೇ ಆಗುತ್ತದೆ.

ದೇಹ ಏನು ಹೇಳುತ್ತದೆ?

ಕಣ್ಣೀರಿನಲ್ಲಿ ಮೂರು ವಿಧಗಳಿವೆ. ಕಣ್ಣನ್ನು ಸದಾ ಒದ್ದೆಯಾಗಿಡುವ ನೀರು ಒಂದು. ಈರುಳ್ಳಿ, ಹೊಗೆ, ಧೂಳಿಗೆ ಬರುವುದು ಇನ್ನೊಂದು. ಮನಸ್ಸಿನ ಭಾವನೆಯಿಂದ ಬರುವುದು ಮೂರನೆಯದು. ಗಂಡು ಮಗುವಿಗೂ ಹೆಣ್ಣು ಮಗುವಿಗೂ ಅಲ್ಲಾಹನು ಒಂದೇ ರೀತಿಯ ಕಣ್ಣೀರ ಗ್ರಂಥಿಯನ್ನು ಕೊಟ್ಟಿದ್ದಾನೆ. ಎಳವೆಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮನಾಗಿ ಅಳುತ್ತಾರೆ. ಪ್ರಾಯಕ್ಕೆ ಬರುವ ಹೊತ್ತಿಗೆ ಅಂತರ ದೊಡ್ಡದಾಗುತ್ತದೆ. 1980ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ವಿಲಿಯಂ ಫ್ರೇ ಎಂಬ ವಿಜ್ಞಾನಿ ಲೆಕ್ಕ ಹಾಕಿದಾಗ ಹೆಂಗಸರು ತಿಂಗಳಿಗೆ ಸರಾಸರಿ 5 ಬಾರಿಗಿಂತ ಸ್ವಲ್ಪ ಹೆಚ್ಚು, ಗಂಡಸರು 1 ಬಾರಿಗಿಂತ ಸ್ವಲ್ಪ ಹೆಚ್ಚು ಅಳುತ್ತಾರೆಂದು ಕಂಡುಬಂತು.

ಈ ಅಂತರಕ್ಕೆ ಹಾರ್ಮೋನುಗಳ ಪಾಲೂ ಇರಬಹುದು ಎನ್ನುತ್ತಾರೆ ವಿಜ್ಞಾನಿಗಳು. ಜೊತೆಗೆ ಬೆಳೆಸಿದ ರೀತಿಯ ಪಾಲೂ ಇದೆ. ಆದ್ದರಿಂದ ಎಲ್ಲ ಗಂಡಸರೂ ಅಳಲೇಬೇಕು ಎಂದು ಒತ್ತಾಯಿಸಬೇಕಾಗಿಲ್ಲ. ಕಣ್ಣೀರು ಬಾರದವನ ಹೃದಯ ಕಲ್ಲು ಎಂದೂ ಹೇಳಬಾರದು. ಪ್ರಶ್ನೆ ಇರುವುದು ಕಣ್ಣೀರು ಬಂದಾಗ ಅದನ್ನು ನಾಚಿಕೆಯಿಂದ ನುಂಗಿಕೊಳ್ಳುವವನ ಬಗ್ಗೆ.

ಅಳುವಿನ ಕುರಿತು ದೀರ್ಘಕಾಲ ಅಧ್ಯಯನ ಮಾಡಿದವರು ನೆದರ್ಲ್ಯಾಂಡ್ಸ್‌ನ ಪ್ರಾಧ್ಯಾಪಕ ಆಡ್ ವಿಂಗರ್‌ಹೂಟ್ಸ್. ಅವರೂ ಅವರ ಸಂಗಡಿಗರೂ ಕಂಡುಕೊಂಡ ಒಂದು ಸಂಗತಿ ನಮಗೆ ಬಹಳ ಮುಖ್ಯ. ಅತ್ತ ಮೇಲೆ ಮನಸ್ಸು ಹಗುರಾಗುವುದು ಕಣ್ಣೀರಿನಿಂದ ಮಾತ್ರವಲ್ಲ, ಆಗ ಪಕ್ಕದಲ್ಲಿದ್ದವರು ಹೇಗೆ ನಡೆದುಕೊಂಡರು ಎಂಬುದರಿಂದಲೂ. ಸಾಂತ್ವನ ಸಿಕ್ಕವರಿಗೆ ಹಗುರಾಗುತ್ತದೆ. ಅವಮಾನವಾದವರಿಗೆ ನೋವು ಹೆಚ್ಚಾಗುತ್ತದೆ.

ಮಸೀದಿಯಲ್ಲಿ ಗೌರವ, ಮನೆಯಲ್ಲಿ ನಾಚಿಕೆ

ನಮ್ಮ ಸಮುದಾಯದಲ್ಲಿ ಒಂದು ವಿಚಿತ್ರವಿದೆ. ರಮಝಾನಿನ ಕೊನೆಯ ಹತ್ತರಲ್ಲಿ ಇಮಾಮರು ದುಆ ಮಾಡುವಾಗ ಇಡೀ ಸಾಲು ಬಿಕ್ಕುತ್ತದೆ. ಯಾರೂ ನಾಚುವುದಿಲ್ಲ, ಯಾರೂ ನಗುವುದಿಲ್ಲ. ಏಕಾಂತದಲ್ಲಿ ಅಲ್ಲಾಹನನ್ನು ಸ್ಮರಿಸಿ ಕಣ್ಣೀರಿಟ್ಟವನು ಅಂತ್ಯದಿನದ ನೆರಳು ಪಡೆಯುವ ಏಳು ಮಂದಿಯಲ್ಲಿ ಒಬ್ಬನೆಂದು ನಾವು ಕೇಳಿದ್ದೇವೆ. ಹಝ್ರತ್ ಅಬೂಬಕರ್(ರ) ಕುರ್‌ಆನ್ ಪಠಿಸುವಾಗ ಅಳು ತಡೆಯಲಾರದವರಾಗಿದ್ದರೆಂದು ಅಭಿಮಾನದಿಂದ ಹೇಳುತ್ತೇವೆ.

ಅದೇ ಗಂಡಸು ಮನೆಗೆ ಬಂದರೆ ಅವನ ಕಣ್ಣೀರಿಗೆ ಜಾಗವಿಲ್ಲ. ವ್ಯಾಪಾರ ಮುಳುಗಿದ್ದನ್ನು ನೆನೆದು ಕಣ್ಣು ತುಂಬಿದರೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಾನೆ. ಮಗಳ ನಿಕಾಹ್ ಮುಗಿದು ಕಾರು ಹೊರಟಾಗ ಕಣ್ಣಿಗೆ ಧೂಳು ಬಿತ್ತು ಎನ್ನುತ್ತಾನೆ. ಮಗನನ್ನು ಗಲ್ಫಿಗೆ ಕಳಿಸಲು ವಿಮಾನ ನಿಲ್ದಾಣಕ್ಕೆ ಬಂದ ತಂದೆ ಗೇಟಿನ ಬಳಿ ಪಾಸ್‌ಪೋರ್ಟ್ ಇದೆಯಾ, ಚಾರ್ಜರ್ ಇದೆಯಾ ಎಂದು ಕೇಳುತ್ತಾನೆ, ಬೇರೇನನ್ನೂ ಹೇಳುವುದಿಲ್ಲ. ಅತ್ತ ದಮಾಮಿನಲ್ಲೋ ದುಬೈಯಲ್ಲೋ ತಾಯಿ ತೀರಿದ ಸುದ್ದಿ ಫೋನಿನಲ್ಲಿ ಬಂದಾಗ, ದಫನಕ್ಕೆ ತಲುಪಲಾಗದ ಮಗ ಡ್ಯೂಟಿ ಮುಗಿಸಿ, ಆರು ಜನ ಮಲಗುವ ಕೋಣೆಯಲ್ಲಿ ಮುಖದ ಮೇಲೆ ಹೊದಿಕೆ ಎಳೆದುಕೊಂಡು ಅಳುತ್ತಾನೆ.

ಅಲ್ಲಾಹನ ಮುಂದೆ ಅಳುವುದು ಎಲ್ಲಕ್ಕಿಂತ ಮಿಗಿಲು, ನಿಜ. ಆದರೆ ಮೇಲೆ ಹೇಳಿದ ಘಟನೆಗಳನ್ನು ಮತ್ತೊಮ್ಮೆ ನೋಡಿ. ಪ್ರವಾದಿವರ್ಯರು(ಸ) ಮಗುವಿಗಾಗಿ, ಸಂಗಾತಿಗಳಿಗಾಗಿ, ತಾಯಿಗಾಗಿ ಅತ್ತದ್ದು ಜನರ ಮುಂದೆ. ಅದಕ್ಕೇ ಸಹಾಬಿಗಳು ಪ್ರಶ್ನೆ ಕೇಳಿದರು. ಅದಕ್ಕೇ ನಮಗೆ ಉತ್ತರ ಸಿಕ್ಕಿತು.

ಹೊರಬರದ ದುಃಖ ಹಲವರಲ್ಲಿ ಸಿಟ್ಟಾಗುತ್ತದೆ. ಸಾರಿಗೆ ಉಪ್ಪು ಕಡಿಮೆ ಎಂಬ ಜಗಳದ ಹಿಂದೆ ತೀರದ ಸಾಲವಿರುತ್ತದೆ. ಕೆಲವರು ಮೌನವಾಗುತ್ತಾರೆ, ನಿದ್ದೆ ಬಿಡುತ್ತಾರೆ. ನಮ್ಮ ದೇಶದ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 100ಕ್ಕೆ ಸುಮಾರು 72 ಮಂದಿ ಗಂಡಸರು. ಅಳದಿರುವುದೇ ಇದಕ್ಕೆ ಕಾರಣವೆಂದು ಹೇಳಲಾಗದು, ಕಾರಣಗಳು ಹಲವು. ಆದರೆ ಕಷ್ಟವನ್ನು ಬಾಯಿಬಿಟ್ಟು ಹೇಳಲು ನಾಚುವವನಿಗೆ ಸಹಾಯ ತಲುಪುವುದು ತಡವಾಗುತ್ತದೆ ಎಂಬುದಂತೂ ಸತ್ಯ.

ಸೂರಃ ಯೂಸುಫ್‌ನ ಎರಡು ಅಳುಗಳು

ಗಾದೆಯ ಸಂಶಯ ಪೂರ್ತಿ ಸುಳ್ಳೇ? ಅಲ್ಲ. ಪವಿತ್ರ ಕುರ್‌ಆನಿನ ಸೂರಃ ಯೂಸುಫ್‌ನಲ್ಲಿ ಗಂಡಸರ ಎರಡು ಬಗೆಯ ಅಳು ಇದೆ. ತಮ್ಮನನ್ನು ಬಾವಿಗೆ ತಳ್ಳಿದ ಅಣ್ಣಂದಿರು ರಾತ್ರಿ ಅಳುತ್ತಾ ತಂದೆಯ ಬಳಿ ಬಂದರು. ಹಝ್ರತ್ ಯಅಕೂಬ್(ಅ) ಆ ಕಣ್ಣೀರಿಗೆ ಮರುಳಾಗಲಿಲ್ಲ. ಆದ್ದರಿಂದ ಕಣ್ಣೀರು ತಪ್ಪನ್ನು ತೊಳೆಯುವುದಿಲ್ಲ. ಹೆಂಡತಿಗೆ ಹೊಡೆದು ಆಮೇಲೆ ಅಳುವವನು, ಅತ್ತು ಮರುವಾರ ಮತ್ತೆ ಹೊಡೆಯುವವನು, ಇವನ ಕಣ್ಣೀರನ್ನು ಅವನ ನಡತೆಯಿಂದಲೇ ಅಳೆಯಬೇಕು.

ಇನ್ನೊಂದು ಅಳು ಆ ತಂದೆಯದೇ. ಮಗನ ಅಗಲಿಕೆಯಲ್ಲಿ ಅವರ ಕಣ್ಣುಗಳು ಬೆಳ್ಳಗಾಗಿ ಹೋದವು. ಇನ್ನೂ ಅದನ್ನೇ ನೆನೆಯುತ್ತಾ ಕೃಶವಾಗಿ ಹೋಗುವಿರಾ ಎಂದು ಮಕ್ಕಳು ಆಕ್ಷೇಪಿಸಿದಾಗ, ನನ್ನ ಸಂಕಟವನ್ನು ತೋಡಿಕೊಳ್ಳುವುದು ಅಲ್ಲಾಹನಲ್ಲಿ ಎಂದರು. ಅವರು ನಿರಾಶರಾಗಲಿಲ್ಲ, ಮಕ್ಕಳನ್ನು ಮತ್ತೆ ಹುಡುಕಲು ಕಳಿಸಿದರು. ಸುಂದರ ಸಬ್ರ್ ಎಂಬ ಮಾತು ಈ ಸೂರಃದಲ್ಲಿ ಬಂದಿರುವುದು ಕಣ್ಣು ಹೋಗುವಷ್ಟು ದುಃಖಿಸಿದ ಇದೇ ತಂದೆಯ ಬಾಯಿಂದ. ಮುಂದೊಂದು ದಿನ ಹಝ್ರತ್ ಉಮರ್(ರ) ನಮಾಝಿನಲ್ಲಿ ಸಂಕಟವನ್ನು ಅಲ್ಲಾಹನಲ್ಲಿ ತೋಡಿಕೊಳ್ಳುವ ಆ ಆಯತನ್ನು ಪಠಿಸುವಾಗ ಅವರ ಬಿಕ್ಕು ಕೊನೆಯ ಸಾಲಿನವರೆಗೂ ಕೇಳಿಸಿತು. ಉಮರ್‌ರಿಗಿಂತ ಗಟ್ಟಿ ಗಂಡಸು ಯಾರೆಂದು ನಾವು ಹೇಳಬಲ್ಲೆವು?

ಮನೆಯಲ್ಲಿ ಮಾಡಬಹುದಾದದ್ದು

ಗಂಡು ಮಕ್ಕಳಿಗೆ "ಹುಡುಗಿಯ ಹಾಗೆ ಅಳಬೇಡ" ಎನ್ನುವುದನ್ನು ಬಿಡೋಣ. ಆ ಮಾತು ಹುಡುಗನನ್ನೂ ಕುಗ್ಗಿಸುತ್ತದೆ, ಪಕ್ಕದಲ್ಲಿರುವ ಹುಡುಗಿಯನ್ನೂ ಕುಗ್ಗಿಸುತ್ತದೆ. ಹಟಕ್ಕೆ ಅಳುವ ಮಗುವನ್ನು ತಿದ್ದಬೇಕು. ನೋವಿಗೆ ಅಳುವ ಮಗುವಿನ ಜೊತೆ ಕುಳಿತುಕೊಳ್ಳಬೇಕು.

ಗಂಡನ ಕಣ್ಣು ತುಂಬಿದಾಗ ಹೆಂಡತಿ ಕೂಡಲೇ ಪ್ರಶ್ನೆಗಳನ್ನು ಕೇಳಬೇಕೆಂದಿಲ್ಲ. ಒಂದು ಲೋಟ ನೀರು ಕೊಟ್ಟು ಹತ್ತಿರ ಕುಳಿತರೆ ಸಾಕು. ಅವನು ಹೇಳಿದ್ದು ಅಮಾನತ್. ನಾಳೆ ತವರಿನಲ್ಲಿ ಅದು ಸುದ್ದಿಯಾಗಬಾರದು, ಮುಂದಿನ ಜಗಳದಲ್ಲಿ ಚುಚ್ಚುಮಾತಾಗಬಾರದು. ಒಮ್ಮೆ ಹಾಗಾದರೆ ಆ ಗಂಡಸು ಮತ್ತೆಂದೂ ಬಾಯಿ ಬಿಡಲಾರ.

ಗಂಡಸರಿಗೆ ಒಂದು ಮಾತು. ಅಳಲು ಬಾರದಿದ್ದರೆ ಪರವಾಗಿಲ್ಲ, "ನನಗೆ ಕಷ್ಟವಾಗುತ್ತಿದೆ" ಎಂಬ ವಾಕ್ಯವನ್ನು ನಂಬಿಕೆಯ ಒಬ್ಬರ ಮುಂದೆ ಹೇಳಿ. ನಿದ್ದೆ, ಊಟ, ಕೆಲಸದ ಮೇಲಿನ ಮನಸ್ಸು ಎರಡು ವಾರವಾದರೂ ಮರಳದಿದ್ದರೆ ವೈದ್ಯರನ್ನು ಕಾಣಿರಿ. ಬದುಕೇ ಬೇಡ ಎನ್ನಿಸಿದರೆ ಅಷ್ಟು ದಿನ ಕಾಯಬೇಡಿ, ಅಂದೇ ಹೇಳಿ. ಚಿಕಿತ್ಸೆ ಪಡೆಯಿರಿ ಎಂದು ಹೇಳಿದವರು ಪ್ರವಾದಿವರ್ಯರೇ(ಸ). ಅದು ತವಕ್ಕುಲ್‌ಗೆ ವಿರುದ್ಧವಲ್ಲ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಖಬರಸ್ಥಾನದ ಆ ಹುಡುಗ. ಮುಂದಿನ ಬಾರಿ ಅಂಥ ಮಗು ನಮ್ಮ ಪಕ್ಕದಲ್ಲಿ ನಿಂತಿದ್ದರೆ ಅವನ ಹೆಗಲ ಮೇಲೆ ಕೈಯಿಟ್ಟು ಹೀಗೆ ಹೇಳೋಣ: "ಅಳು ಮಗಾ. ನಮ್ಮ ನಬಿಯೂ(ಸ) ಅತ್ತಿದ್ದಾರೆ. ಅತ್ತು ಮುಗಿದ ಮೇಲೆ ಇಬ್ಬರೂ ಸೇರಿ ನಿನ್ನ ಅಬ್ಬಾನಿಗಾಗಿ ದುಆ ಮಾಡೋಣ." ಅವನಿಗೆ ಸಬ್ರ್ ಕಲಿಸುವ ಮೊದಲ ಪಾಠ ಅದೇ ಆಗಲಿ.