ಬೆಂಚಿನ ಮೇಲಿರುವವರು

ಊಟದ ಹೊತ್ತು ಮುಗಿದು ಗಂಟೆಯಾದರೂ ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜುಗಳು ತುಂಬಿವೆ. ಕೆಳಗೆ ಬೆಂಗಳೂರಿನ ಹೊರವರ್ತುಲ ರಸ್ತೆ. ಸಿಲ್ಕ್ ಬೋರ್ಡ್ ಕಡೆಯ 500ಡಿ ಬಸ್ಸು ಕಾರುಗಳ ನಡುವೆ ತೆವಳುತ್ತಿದೆ. ಮೇಲೆ ಎಸಿಯ ತಂಪಿನಲ್ಲಿ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಹುಡುಗ ಹುಡುಗಿಯರು ಲ್ಯಾಪ್‌ಟಾಪಿನಲ್ಲಿ ಆನ್‌ಲೈನ್ ಕೋರ್ಸು ಓಡಿಸುತ್ತಿದ್ದಾರೆ. ಕಣ್ಣು ಮಾತ್ರ ಫೋನಿನ ಮೇಲೆ. ಇವರೆಲ್ಲ 'ಬೆಂಚ್' ಮೇಲಿರುವವರು.

ಪ್ರಾಜೆಕ್ಟು ಮುಗಿದಿದೆ. ಇವರ ದುಡಿಮೆಯ ಗಂಟೆಗಳಿಗೆ ಹಣ ಕೊಡುವ ಗ್ರಾಹಕ ಸದ್ಯಕ್ಕಿಲ್ಲ. ಸಂಬಳ ಬರುತ್ತಿದೆ, ಎಲ್ಲಿಯವರೆಗೆ ಎಂದು ಯಾರೂ ಹೇಳುವುದಿಲ್ಲ. ಗ್ರಾಹಕ ಆಳು ಕಡಿಮೆ ಮಾಡಿದರೆ ಅದು 'ರ್‍ಯಾಂಪ್ ಡೌನ್'. ಊರು, ಹೆಸರು, ಮನೆ ಸಾಲ ಇರುವ ಮನುಷ್ಯ ಎಕ್ಸೆಲ್ ಶೀಟಿನಲ್ಲಿ 'ರಿಸೋರ್ಸ್' ಆಗುತ್ತಾನೆ. ಆಮೇಲೆ ಅವನನ್ನು 'ರಿಲೀಸ್' ಮಾಡಲಾಗುತ್ತದೆ. ಮಾಡಿದವರು ಯಾರು ಎಂಬುದು ಈ ಯಾವ ಮಾತಿನಲ್ಲೂ ಸಿಗುವುದಿಲ್ಲ. ನನ್ನ ತಕರಾರು ಅದರ ಮೇಲೆ. 'ಸಿನರ್ಜಿ', 'ಬ್ಯಾಂಡ್‌ವಿಡ್ತ್' ಎಂದರೆ ಯಾರಿಗೂ ನಷ್ಟವಿಲ್ಲ. 'ರ್‍ಯಾಂಪ್ ಡೌನ್', 'ರಿಲೀಸ್' ಮಾತ್ರ ಅನ್ನಕ್ಕೇ ಕೈ ಹಾಕುವ ಮಾತುಗಳು.

ಮೂಲೆಯ ಗಾಜಿನ ಕೋಣೆಯಲ್ಲಿ ಒಬ್ಬ ಹುಡುಗ ಎಚ್‌ಆರ್ ಮೇಡಂ ಎದುರು ಕೂತಿದ್ದಾನೆ. ಆಕೆಯ ದನಿ ಮೆತ್ತಗಿದೆ.

"ಇವತ್ತೇ ವಾಲಂಟರಿ ರೆಸಿಗ್ನೇಶನ್ ಹಾಕ್ಬಿಡಿ. ರಿಲೀವಿಂಗ್ ಲೆಟರ್ ಕ್ಲೀನಾಗಿ ಬರತ್ತೆ."

"ನಾನು ಬಿಡ್ತೀನಿ ಅಂತ ಹೇಳೇ ಇಲ್ಲ ಮೇಡಂ."

ಪರದೆಯ ಮೇಲೆ ಅರ್ಜಿ ಆಗಲೇ ತೆರೆದಿದೆ. ಕಾರಣದ ಜಾಗದಲ್ಲಿ 'ವೈಯಕ್ತಿಕ' ಎಂದಿದೆ.

ಈ 'ವಾಲಂಟರಿ'ಯ ಬೆಲೆಯನ್ನು ರೂಪಾಯಿಯಲ್ಲೇ ಲೆಕ್ಕ ಹಾಕಬಹುದು. ವರ್ಷವಾದರೂ ದುಡಿದ ಕಾರ್ಮಿಕನನ್ನು ಸಂಸ್ಥೆಯೇ ತೆಗೆದುಹಾಕಿದರೆ ಒಂದು ತಿಂಗಳ ನೋಟಿಸು, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ಸಂಬಳ ಪರಿಹಾರವಾಗಿ ಸಲ್ಲಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ಲೆಕ್ಕ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ತಾನಾಗಿ ಬಿಟ್ಟವನಿಗೆ ಈ ಪರಿಹಾರವಿಲ್ಲ. ಸಾಫ್ಟ್‌ವೇರ್ ಬರೆಯುವವನು 'ಕಾರ್ಮಿಕ'ನೇ ಅಲ್ಲ ಎಂದು ವಾದಿಸುವ ಆಡಳಿತಗಳೂ ಇವೆ. ಅವನೂ ಕಾರ್ಮಿಕನೇ ಎಂದು ಹೋರಾಡುತ್ತಿರುವುದು 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ. ರಾಜೀನಾಮೆಗೆ ಸಹಿ ಬಿದ್ದಮೇಲೆ ಆ ಪರಿಹಾರ ಪಡೆಯುವುದು ಇನ್ನೂ ಕಷ್ಟ.

ಹುಡುಗ ನೀರು ಕುಡಿದು ಬರುತ್ತೇನೆಂದು ಎದ್ದು ಬರುತ್ತಾನೆ. ಕಾಫಿ ಯಂತ್ರದ ಬಳಿ ನಿಂತ ಗೆಳತಿಗೆ ಮುಖ ನೋಡಿಯೇ ವಿಷಯ ಗೊತ್ತಾಗುತ್ತದೆ.

"ಪೇಪರ್ ಹಾಕಿದ್ಯೇನೋ?"

"ಇನ್ನೂ ಇಲ್ಲ ಕಣೇ. ಇವತ್ತೇ ಹಾಕ್ಬೇಕಂತೆ."

"ಹಾಕ್ಬೇಡ. ನೀನಾಗೇ ಹೋಗ್ತಿಲ್ಲ, ಅವರೇ ಕಳಿಸ್ತಿದಾರೆ. ಈಗ ಬಾಯಲ್ಲಿ ಹೇಳಿದ್ದನ್ನೆಲ್ಲ ಮೇಲ್‌ನಲ್ಲಿ ಕಳಿಸಿ ಅಂತ ಕೇಳು."